ಜೀವಕೋಶದ ಅಗಸೆಬಾಗಿಲು

ಗದಗ-ಬೆಟಗೇರಿಯಿಂದ ಹೊರಟು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಗೆ ಪ್ರಯಾಣ ಮಾಡಿದವರು ಹಾದಿಯ ಹಳೆಯ ಊರುಗಳಲ್ಲಿ ‘ಅಗಸೆ’ ಎಂಬ ಮಾತನ್ನು ಕೇಳದೆ ಇರಲಾರರು. ಕೆಲವೆಡೆ ಕೋಟೆಯ ಗೋಡೆಯು ಕುಸಿದು ನೆಲಸಮವಾಗಿರುವದು. ಕದಗಳು ಗೆದ್ದಲಿನ ಪಾಲಾಗಿರುವವು. ಆದರೂ ಆ ಸ್ಥಳದ ಹೆಸರು ಅಗಸೆಯೇ. ಯಾಕಂದರೆ ಅಗಸೆಯು ಬರಿಯ ಬಾಗಿಲಾಗಿರಲಿಲ್ಲ. ದನಕರುಗಳು ಅದರೊಳಗಿಂದ ಅಡವಿಗೆ ಹೋಗುತ್ತಿದ್ದುದೂ, ಸಂತೆಯ ಚಕ್ಕಡಿಗಳು ಒಳಗೆ ಬರುತ್ತಿದ್ದುದೂ ಬಾಗಿಲಿನ ಕೆಲಸ. ಆದರೆ ಅದರ ಕಟ್ಟೆಯ ಮೇಲೆ ಊರ ಹಿರಿಯರು ಕೂಡುತ್ತಿದ್ದರು. ಡಂಗುರವು ಅಲ್ಲಿಂದ ಹೊರಡುತ್ತಿತ್ತು. ಯಾವ ಕೆಲಸವನ್ನು ಇಂದೇ ಹಿಡಿಯಬೇಕು, ಯಾವದನ್ನು ಸುಗ್ಗಿಯ ವರೆಗೆ ತಡೆಯಬೇಕು ಎಂಬ ಮಾತು ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಬಾಗಿಲಲ್ಲಿ ಕುಳಿತವರ ಮಾತಿನಂತೆ ಊರೊಳಗಿನ ಕೆಲಸವು ನಡೆಯುತ್ತಿತ್ತು.

ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿಯೂ ಇಂಥ ಅಗಸೆಗಳು ಸಾವಿರಾರು ಇರುವವು. ಬಹುಕಾಲದ ವರೆಗೆ ವಿಜ್ಞಾನಿಗಳು ಅವುಗಳನ್ನು ಬರಿಯ ಬಾಗಿಲುಗಳೆಂದೇ ಎಣಿಸಿದ್ದರು. ಅವುಗಳಲ್ಲಿ ಕಟ್ಟೆಯ ಹಿರಿಯರೂ ಇರುವರು, ಒಂದು ಕೋಶವು ಮುಂದೆ ಸ್ನಾಯುವಾಗಬೇಕೋ ನರವಾಗಬೇಕೋ ರಕ್ತವಾಗಬೇಕೋ ಎಂಬದರಲ್ಲಿ ಅವರ ಮಾತೂ ನಡೆಯುವದು ಎಂಬ ಸಂಗತಿಯು ಈಚಿನ ದಶಕಗಳಲ್ಲಿ ಬೆಳಕಿಗೆ ಬಂದಿತು. ಇದು ಪ್ರಯೋಗಶಾಲೆಯವರಿಗೆ ಮಾತ್ರ ಬೇಕಾದ ಸುದ್ದಿಯಲ್ಲ. ಮಕ್ಕಳುಮರಿಗಳುಳ್ಳ ಪ್ರತಿಯೊಂದು ಮನೆಗೂ ಸಂಬಂಧಪಟ್ಟ ವಿಷಯವೆಂದು ತಿಳಿದು ಇದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಅರಳೆಯ ಒಂದು ಎಳೆ

ಮೊದಲು ಕೋಶಗಳ ಭೇದವೆಂದರೇನೆಂಬದನ್ನು ತಿಳಿದುಕೊಳ್ಳಬೇಕು. ಅದಕ್ಕೆ ದೂರ ಹೋಗಬೇಕಾದುದಿಲ್ಲ. ಗದಗವು ಹತ್ತಿಯ ಪೇಟೆಯೆಂದು ಹೆಸರಾದ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೇರಿಕೆಯಿಂದ ಬಂದು ನಮ್ಮ ಎರೆಯ ನೆಲಕ್ಕೆ ಒಗ್ಗಿಕೊಂಡ ‘ಧಾರವಾಡ-ಅಮೇರಿಕನ್’ ಹತ್ತಿಯೊಳಗಿಂದ ಆಯ್ದು ತೆಗೆದ ಒಂದು ತಳಿಗೆ ಈ ಊರಿನ ಹೆಸರನ್ನೇ ಇಟ್ಟು ‘ಗದಗ-೧’ ಎಂದು ಕರೆದರು. ಮುಂದೆ ಪ್ರಸಿದ್ಧವಾದ ‘ಲಕ್ಷ್ಮೀ’ ತಳಿಯ ಹೆತ್ತವರಲ್ಲಿ ಅದೂ ಒಂದು.

ಅರಳೆಯ ಒಂದು ಎಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿರಿ. ಅಂಗುಲದಷ್ಟು ಉದ್ದವಾದ ಆ ಎಳೆಯು ಒಂದೇ ಒಂದು ಜೀವಕೋಶವೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಹತ್ತಿಯ ಹೂವು ಅರಳಿದ ದಿನ, ಮುಂದೆ ಬೀಜವಾಗಬೇಕಾದ ಅಂಡಕದ ಮೇಲ್ಪದರಿನ ಕೋಶಗಳೆಲ್ಲ ನೋಡುವದಕ್ಕೆ ಒಂದೇ ತೆರನಾಗಿರುವವು. ಅಂದು ಅವುಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಕೋಶಗಳು ಮೇಲಕ್ಕೆ ಉಬ್ಬಿ, ನೀಳವಾಗಿ ಬೆಳೆಯತೊಡಗಿ, ಸುಮಾರು ಐವತ್ತು ದಿನಗಳಲ್ಲಿ ಕಾಯಿ ಒಡೆಯುವ ಹೊತ್ತಿಗೆ ಅರಳೆಯಾಗುವವು. ಮಗ್ಗುಲಲ್ಲಿದ್ದ ಉಳಿದ ಕೋಶಗಳು ಬೀಜದ ಸಿಪ್ಪೆಯಾಗಿಯೇ ಉಳಿಯುವವು. ಒಂದೇ ತಾಯಿಯ ಮಕ್ಕಳು, ಒಂದೇ ಪಿತ್ರಾರ್ಜಿತ, ಆದರೆ ಒಂದು ನೂಲಾಗಿ ಬೆಟಗೇರಿಯ ಮಗ್ಗವನ್ನೇರುವದು, ಮತ್ತೊಂದು ಹಿಂಡಿಯಾಗಿ ಎತ್ತಿನ ಗೋದಲಿಯನ್ನು ಸೇರುವದು. ಈ ಬೇರ್ಪಡುವಿಕೆಗೆ ಶಾಸ್ತ್ರದಲ್ಲಿ ‘ವಿಭೇದನ’ವೆಂದು ಹೆಸರು.

ಮನುಷ್ಯದೇಹದಲ್ಲಿಯೂ ಹೀಗೆಯೇ. ತಾಯಿಯ ಗರ್ಭದಲ್ಲಿ ಒಂದೇ ಕೋಶವಾಗಿ ಆರಂಭವಾದ ಶಿಶುವು ಹುಟ್ಟುವ ಹೊತ್ತಿಗೆ ಇನ್ನೂರು ಬಗೆಗೂ ಹೆಚ್ಚಿನ ಕೋಶಗಳನ್ನು ಪಡೆದಿರುವದು. ಹೃದಯದ ಕೋಶವು ಮಿಡಿಯುವದು, ನರದ ಕೋಶವು ಸುದ್ದಿಯನ್ನು ಒಯ್ಯುವದು, ಜಠರದ ಕೋಶವು ಆಮ್ಲವನ್ನು ಸ್ರವಿಸುವದು. ಕೆಲವು ಅಪವಾದಗಳನ್ನು ಬಿಟ್ಟರೆ ಇವೆಲ್ಲವುಗಳೊಳಗೆ ಇರುವ ವಂಶವಾಹಿಗಳು, ಎಂದರೆ ಜೀನುಗಳು, ಅವೇ. ಪ್ರೋಟೀನುಗಳನ್ನು ಮಾಡುವ ಕ್ರಮವನ್ನು ತಿಳಿಸುವಂಥವು ಸುಮಾರು ಇಪ್ಪತ್ತು ಸಾವಿರ. ಅವುಗಳನ್ನು ಹೊತ್ತ ಡಿ.ಎನ್.ಎ. ಎಂಬ ದಾರವನ್ನು ನೀಳವಾಗಿ ಎಳೆದರೆ ಎರಡು ಮೀಟರು ಉದ್ದ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟೂ ಅಗಲವಿಲ್ಲದ ‘ಕೋಶಕೇಂದ್ರ’ವೆಂಬ ಕೋಣೆಯಲ್ಲಿ ಅದು ಮಡಿಚಿಕೊಂಡು ಕುಳಿತಿರುವದು.

ಎಲ್ಲ ಕೋಶಗಳಲ್ಲಿಯೂ ಅವೇ ವಂಶವಾಹಿಗಳಿದ್ದರೆ ಭೇದವು ಹೇಗೆ ಬಂದಿತು? ನೇಕಾರರ ಮನೆಗೆ ಹೋಗಿ ಮಗ್ಗದ ಮುಂದೆ ಒಂದು ಗಳಿಗೆ ನಿಂತವರಿಗೆ ಉತ್ತರವು ಸುಲಭವಾಗಿ ಹೊಳೆಯುವದು. ಮಗ್ಗದ ಮೇಲಿನ ಹಾಸು ಮೊದಲಿನಿಂದ ಕೊನೆಯ ವರೆಗೆ ಒಂದೇ. ಆದರೆ ಲಾಳಿಯು ಹಾಯುವಾಗ ಯಾವ ಎಳೆಗಳನ್ನು ಎತ್ತಬೇಕು, ಯಾವವನ್ನು ಇಳಿಸಿಡಬೇಕು ಎಂಬದರ ಮೇಲಿಂದ ದಡಿಯ ಚಿತ್ರವು ಬೇರೆಯಾಗುವದು, ಸೆರಗಿನ ಚಿತ್ರವು ಬೇರೆಯಾಗುವದು. ಕೋಶದಲ್ಲಿಯೂ ಕೆಲವು ವಂಶವಾಹಿಗಳು ಎದ್ದು ಕೆಲಸಮಾಡುವವು, ಕೆಲವು ಮಲಗಿರುವವು. ಯಾವವು ಏಳಬೇಕು, ಯಾವವು ಮಲಗಬೇಕು ಎಂಬ ನಿಯಂತ್ರಣವೇ ವಿಭೇದನದ ಮೂಲ. ಆ ಎಳೆಗಳನ್ನು ಎತ್ತಿ ಇಳಿಸುವವರು ಯಾರು? ಕೋಶಕೇಂದ್ರದ ಒಳಗೇ ಇರುವ ಅನೇಕ ಪ್ರೋಟೀನುಗಳೆಂದು ಹಿಂದಿನಿಂದಲೂ ಗೊತ್ತಿದೆ. ಬಾಗಿಲಿನ ಕಾವಲುಗಾರರೂ ಆ ಕೆಲಸದಲ್ಲಿ ಪಾಲುಗಾರರೆಂಬದು ಹೊಸ ಮಾತು.

ಎಂಟೆಸಳಿನ ಬಾಗಿಲು

ಕೋಶಕೇಂದ್ರದ ಸುತ್ತಲೂ ಎರಡು ಪೊರೆಗಳ ಗೋಡೆಯಿದೆ. ಅದರಲ್ಲಿ ರಂಧ್ರಗಳಿರುವದನ್ನು ೧೯೫೦ರಲ್ಲಿ ಕ್ಯಾಲನ್ ಮತ್ತು ಟಾಮ್ಲಿನ್ ಎಂಬವರು ಕಪ್ಪೆಯ ಜಾತಿಯ ಪ್ರಾಣಿಗಳ ಅಂಡಕೋಶಗಳನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ವರ್ಣಿಸಿದರು. ಮುಂದೆ ಅವು ಬರಿಯ ತೂತುಗಳಲ್ಲ, ಬಲು ಜಾಣ್ಮೆಯಿಂದ ಕಟ್ಟಿದ ಬಾಗಿಲುಗಳೆಂದು ತಿಳಿದುಬಂದಿತು. ಒಂದು ಬಾಗಿಲಿನ ಅಗಲವು ಮಿಲಿಮೀಟರನ್ನು ಎಂಟು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು. ಮೇಲಿನಿಂದ ನೋಡಿದರೆ ಅದು ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಹಾಕುವ ಎಂಟೆಸಳಿನ ರಂಗೋಲಿಯಂತೆ ಕಾಣುವದು: ನಡುವೆ ದಾರಿ, ಸುತ್ತಲೂ ಎಂಟು ಸಮಭಾಗಗಳು. ಸುಮಾರು ಮೂವತ್ತು ಬಗೆಯ ಪ್ರೋಟೀನುಗಳು ಈ ಬಾಗಿಲನ್ನು ಕಟ್ಟಿರುವವು. ಒಂದೊಂದು ಬಗೆಯದೂ ಅನೇಕ ಪ್ರತಿಗಳಿರುವದರಿಂದ ಒಟ್ಟು ಲೆಕ್ಕವು ಸಾವಿರದ ಸಮೀಪಕ್ಕೆ ಬರುವದು. ಇವುಗಳಿಗೆ ‘ನ್ಯೂಕ್ಲಿಯೋಪೊರಿನ್’ ಎಂದು ಹೆಸರು. ಚಿಕ್ಕದಾಗಿ ‘ನ್ಯೂಪ್’ ಎನ್ನುವರು. ಮನುಷ್ಯನ ಒಂದು ಕೋಶಕೇಂದ್ರದಲ್ಲಿ ಇಂಥ ಬಾಗಿಲುಗಳು ಸಾಮಾನ್ಯವಾಗಿ ಎರಡು ಸಾವಿರಕ್ಕೂ ಹೆಚ್ಚು. ಗಿಡಮರಗಳ ಕೋಶಗಳಲ್ಲಿಯೂ ಇವು ಇರುವವು.

ಬಾಗಿಲಿನ ಕೆಲಸವು ಸಾಗಣೆ. ಚಿಕ್ಕ ಕಣಗಳು ಯಾರನ್ನೂ ಕೇಳದೆ ನುಸುಳಿಹೋಗುವವು. ದೊಡ್ಡವು ಬೆಂಗಾವಲಿನ ಪ್ರೋಟೀನುಗಳನ್ನು ಜೊತೆಯಲ್ಲಿ ಕರೆದುಕೊಂಡೇ ದಾಟಬೇಕು. ವಂಶವಾಹಿಯ ಆಜ್ಞೆಯನ್ನು ನಕಲುಮಾಡಿಕೊಂಡ ಆರ್.ಎನ್.ಎ. ಎಂಬ ಓಲೆಯು ಒಳಗಿನಿಂದ ಹೊರಕ್ಕೆ ಬರುವದು. ಅದರಂತೆ ಹೊರಗೆ ಸಿದ್ಧವಾದ ಪ್ರೋಟೀನುಗಳಲ್ಲಿ ಕೆಲವು ಒಳಕ್ಕೆ ಹೋಗುವವು. ಈ ಒಯ್ಯಾಟವು ನಿಂತರೆ ಕೋಶವು ಬದುಕಲಾರದು.

ಕಾವಲುಗಾರರ ಮಾತು

೧೯೮೫ರಲ್ಲಿ ಗುಂಟರ್ ಬ್ಲೋಬೆಲ್ ಎಂಬ ವಿಜ್ಞಾನಿಯು ಒಂದು ಊಹೆಯನ್ನು ಮುಂದಿಟ್ಟನು. (ಕೋಶದೊಳಗೆ ಪ್ರೋಟೀನುಗಳು ತಮ್ಮ ಸ್ಥಾನವನ್ನು ಹೇಗೆ ಸೇರುವವೆಂಬ ಶೋಧಕ್ಕಾಗಿ ಈತನಿಗೇ ೧೯೯೯ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.) ಕೆಲಸದಲ್ಲಿರುವ ವಂಶವಾಹಿಗಳು ತಮ್ಮ ಓಲೆಗಳನ್ನು ಬೇಗ ಹೊರಗೆ ಕಳಿಸುವದಕ್ಕೆಂದು ಬಾಗಿಲಿನ ಸಮೀಪಕ್ಕೆ ಬಂದು ಅಲ್ಲಿಯೇ ಕಟ್ಟಿಕೊಂಡಿರಬಹುದು, ಬಾಗಿಲಿಗೂ ವಂಶವಾಹಿಗೂ ನೇರವಾದ ಸಂಬಂಧವಿರಬಹುದು, ಎಂಬದು ಆತನ ತರ್ಕ. ಇದಕ್ಕೆ ಪುರಾವೆಗಳು ಮೆಲ್ಲಮೆಲ್ಲಗೆ ಬಂದವು. ೨೦೧೦ರಲ್ಲಿ ಹಣ್ಣಿನ ನೊಣದ ಕೋಶಗಳನ್ನು ಪರೀಕ್ಷಿಸಿದ ಎರಡು ಬೇರೆ ಬೇರೆ ತಂಡಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ನ್ಯೂಪ್-೯೮ ಮೊದಲಾದ ಕೆಲವು ಕಾವಲುಗಾರರು ಬಾಗಿಲನ್ನು ಬಿಟ್ಟು ಒಳಗಡೆ ನಡೆದು, ಬೆಳವಣಿಗೆಗೆ ಬೇಕಾದ ವಂಶವಾಹಿಗಳನ್ನು ಮುಟ್ಟಿ, ಅವುಗಳನ್ನು ಚುರುಕುಗೊಳಿಸುವದು ಅವರಿಗೆ ಕಂಡುಬಂದಿತು. ಕಟ್ಟೆಯ ಹಿರಿಯನು ಎದ್ದು ಮನೆಮನೆಗೆ ಹೋಗಿ ಕೆಲಸ ಹೇಳಿಬಂದಂತೆ!

ವಿಭೇದನದ ವಿಷಯದಲ್ಲಿ ಎಲ್ಲಕ್ಕೂ ಸ್ಪಷ್ಟವಾದ ಸಾಕ್ಷ್ಯವು ೨೦೧೨ರಲ್ಲಿ ದೊರೆಯಿತು. ಅಮೇರಿಕೆಯ ಸಾಲ್ಕ್ ಸಂಸ್ಥೆಯಲ್ಲಿ ಮಾಕ್ಸಿಮಿಲಿಯಾನೋ ಡಿ’ಆಂಜೆಲೋ, ಮಾರ್ಟಿನ್ ಹೆಟ್ಸರ್ ಮತ್ತು ಅವರ ಸಂಗಡಿಗರು ಇಲಿಯ ಕೋಶಗಳಲ್ಲಿ ನ್ಯೂಪ್-೨೧೦ ಎಂಬ ಕಾವಲುಗಾರನನ್ನು ಹುಡುಕಿದರು. ಸ್ನಾಯುವಾಗಬೇಕಾದ, ಆದರೆ ಇನ್ನೂ ಸುಮ್ಮನೆ ಒಡೆದು ಹೆಚ್ಚುತ್ತಿರುವ ಕೋಶಗಳ ಬಾಗಿಲುಗಳಲ್ಲಿ ಅವನು ಇರಲೇ ಇಲ್ಲ. ಕೋಶಗಳು ಸ್ನಾಯುವಾಗತೊಡಗಿದಾಗ ಅವನು ಹುಟ್ಟಿಬಂದು ಬಾಗಿಲಿನಲ್ಲಿ ತನ್ನ ಸ್ಥಾನವನ್ನು ಹಿಡಿದನು. ಭ್ರೂಣದ ಮೂಲಕೋಶಗಳು ನರದ ದಾರಿ ಹಿಡಿಯುವಾಗಲೂ ಹೀಗೆಯೇ ಆಯಿತು. ಅವನನ್ನು ಹುಟ್ಟಗೊಡದಂತೆ ತಡೆದಾಗಲೋ? ಸ್ನಾಯುವಾಗಬೇಕಾದುದು ಸ್ನಾಯುವಾಗಲಿಲ್ಲ, ನರವಾಗಬೇಕಾದುದು ನರವಾಗಲಿಲ್ಲ. ಇದರಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೆಂದರೆ, ಅವನಿದ್ದರೂ ಇಲ್ಲದಿದ್ದರೂ ಬಾಗಿಲಿನ ಸಾಗಣೆಯು ಮೊದಲಿನಂತೆಯೇ ನಡೆದಿತ್ತು. ಕೊರತೆ ಬಿದ್ದುದು ವಂಶವಾಹಿಗಳ ಎಚ್ಚರದಲ್ಲಿ. ಅಂದ ಮೇಲೆ ಅವನು ಬಂದುದು ಚಕ್ಕಡಿಗಳನ್ನು ಬಿಡುವದಕ್ಕಲ್ಲ, ಕಟ್ಟೆಯ ಮೇಲೆ ಕೂಡುವದಕ್ಕೆ! ೨೦೧೭ರಲ್ಲಿ ಇದೇ ಪಂಥದ ಸಂಶೋಧಕರು ಜೀಬ್ರಾಮೀನಿನಲ್ಲಿ ಇನ್ನೊಂದು ಮಾತನ್ನು ತೋರಿಸಿದರು. ಸ್ನಾಯುವಿನ ವಂಶವಾಹಿಗಳನ್ನು ಎಬ್ಬಿಸುವ ‘ಮೆಫ್-೨ಸಿ’ ಎಂಬ ಪ್ರೋಟೀನನ್ನು ನ್ಯೂಪ್-೨೧೦ ಬಾಗಿಲಿನ ಬಳಿಯಲ್ಲಿ ಕೂಡಿಸಿಕೊಂಡು ಕೆಲಸಕ್ಕೆ ಹಚ್ಚುವದು. ಅದಿಲ್ಲದಿದ್ದರೆ ಮೀನಿನ ಸ್ನಾಯುಗಳು ಸರಿಯಾಗಿ ಬೆಳೆಯವು, ಬೆಳೆದವು ಉಳಿಯವು.

ಎಬ್ಬಿಸುವವರಂತೆ ಮಲಗಿಸುವವರೂ ಇರುವರು. ೨೦೧೫ರಲ್ಲಿ ಹೆಟ್ಸರರ ಪ್ರಯೋಗಶಾಲೆಯಿಂದಲೇ ಬಂದ ಶೋಧದಂತೆ, ನ್ಯೂಪ್-೧೫೩ ಎಂಬದು ಭ್ರೂಣದ ಮೂಲಕೋಶಗಳಲ್ಲಿ ಮುಂದಿನ ಬೆಳವಣಿಗೆಯ ವಂಶವಾಹಿಗಳನ್ನು ವೇಳೆ ಬರುವ ವರೆಗೆ ಮಲಗಿಸಿಡುವದು. ಅದನ್ನು ಕಡಿಮೆ ಮಾಡಿದರೆ ಆ ವಂಶವಾಹಿಗಳು ಹೊತ್ತಲ್ಲದ ಹೊತ್ತಿನಲ್ಲಿ ಎದ್ದು, ಮೂಲಕೋಶವು ತನ್ನ ಮೂಲತನವನ್ನು ಕಳೆದುಕೊಳ್ಳುವದು. ಮಳೆ ಬೀಳುವ ಮೊದಲು ಬೀಜವನ್ನು ಬಿತ್ತಿದಂತೆ ಇದು.

ಈ ವಿಷಯದ ಕೆಲಸವು ನಮ್ಮ ದೇಶದಲ್ಲಿಯೂ ನಡೆದಿದೆ. ನಮ್ಮ ಸೀಮೆಗೆ ಬಹು ದೂರವಲ್ಲದ ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯಲ್ಲಿ ಕುಂದನ್ ಸೇನ್‌ಗುಪ್ತಾ ಮತ್ತು ಅವರ ಸಂಗಡಿಗರು ನ್ಯೂಪ್-೯೩ ಎಂಬ ಕಾವಲುಗಾರನನ್ನು ಕುರಿತು ೨೦೧೬ರಲ್ಲಿಯೂ ೨೦೨೧ರಲ್ಲಿಯೂ ಪ್ರಬಂಧಗಳನ್ನು ಪ್ರಕಟಿಸಿದರು. ಗರ್ಭದೊಳಗಿನ ಶಿಶುವಿನ ದೇಹದಲ್ಲಿ ತಲೆಯಿಂದ ಕೆಳಗಿನ ವರೆಗೆ ಯಾವ ಭಾಗವು ಎಲ್ಲಿ ಬರಬೇಕೆಂಬದನ್ನು ಗೊತ್ತುಪಡಿಸುವ ‘ಹಾಕ್ಸ್’ ಎಂಬ ವಂಶವಾಹಿಗಳ ಸಾಲುಗಳಿವೆ. ಅವುಗಳಲ್ಲಿ ಒಂದು ಸಾಲನ್ನು ನ್ಯೂಪ್-೯೩ ಹಿಡಿದುಕೊಂಡು ಮಲಗಿಸಿಡುವದೆಂದು ಮೊದಲನೆಯ ಪ್ರಬಂಧವು ತೋರಿಸಿತು. ವಿಭೇದನವು ಆರಂಭವಾದಾಗ ಈ ಹಿಡಿತವು ಸಡಿಲುವದೆಂದೂ, ಆಗ ಆ ವಂಶವಾಹಿಗಳು ಗೋಡೆಯ ಮಗ್ಗುಲನ್ನು ಬಿಟ್ಟು ಎಚ್ಚರಗೊಳ್ಳುವವೆಂದೂ, ಕೆಲಸ ತೀರಿದ ಮೇಲೆ ಮತ್ತೆ ಆ ಹಿಡಿತಕ್ಕೆ ಒಳಗಾಗುವವೆಂದೂ ಎರಡನೆಯದು ತಿಳಿಸಿತು.

ಕಾವಲು ತಪ್ಪಿದಾಗ

ಇಷ್ಟು ಓದಿದ ವಾಚಕರು “ಇದೆಲ್ಲ ನಿಜವಿರಲಿ, ನಮ್ಮ ಮನೆಗೆ ಇದರಿಂದ ಏನು?” ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ.

ರಕ್ತದ ಅರ್ಬುದರೋಗದ ಹೆಸರನ್ನು ಕೇಳದವರಿಲ್ಲ. ನಮ್ಮ ಎಲುಬಿನ ಮಜ್ಜೆಯಲ್ಲಿ ಮೂಲಕೋಶಗಳು ಪ್ರತಿದಿನವೂ ವಿಭೇದನ ಹೊಂದಿ ಕೆಂಪು, ಬಿಳಿ ರಕ್ತಕೋಶಗಳಾಗುತ್ತಿರುವವು. ೧೯೯೬ರಲ್ಲಿ ಕೆಲವು ರೋಗಿಗಳ ಕೋಶಗಳಲ್ಲಿ ಒಂದು ವಿಪರೀತವು ಕಂಡುಬಂದಿತು. ವಂಶವಾಹಿಗಳನ್ನು ಹೊತ್ತ ವರ್ಣತಂತುಗಳಲ್ಲಿ ಎರಡು ತುಂಡಾಗಿ, ಒಂದರ ತುಂಡು ಮತ್ತೊಂದಕ್ಕೆ ಅಂಟಿಕೊಂಡು, ಬಾಗಿಲಿನ ನ್ಯೂಪ್-೯೮ರ ಅರ್ಧಭಾಗವೂ ‘ಹಾಕ್ಸ್-ಎ೯’ರ ಒಂದು ಭಾಗವೂ ಕೂಡಿ ಒಂದೇ ಪ್ರೋಟೀನಾಗಿದ್ದವು. ಎಬ್ಬಿಸುವವನ ಕೈಯೂ ಎಂದೋ ಮಲಗಬೇಕಾಗಿದ್ದ ವಂಶವಾಹಿಗಳ ವಿಳಾಸವೂ ಒಂದೇ ದೇಹದಲ್ಲಿ ಸೇರಿಕೊಂಡಂತಾಯಿತು. ಅದರ ಫಲವಾಗಿ ಆ ವಂಶವಾಹಿಗಳು ಮಲಗುವದೇ ಇಲ್ಲ. ರಕ್ತದ ಎಳೆಯ ಕೋಶಗಳು ಪಕ್ವವಾಗದೆ ಸುಮ್ಮನೆ ಹೆಚ್ಚುತ್ತ ಹೋಗುವವು. ನ್ಯೂಪ್-೯೮ರ ಇಂಥ ಕೂಡಿಕೆಗಳು ಬೇರೆ ಬೇರೆ ವಂಶವಾಹಿಗಳೊಡನೆ ಆಗುವದುಂಟೆಂದೂ, ಅವುಗಳಿಂದ ಬರುವ ರೋಗವು ಮಕ್ಕಳಲ್ಲಿಯೂ ತರುಣರಲ್ಲಿಯೂ ವಿಶೇಷವಾಗಿ ಹಟಮಾರಿಯಾಗಿರುವದೆಂದೂ ಮುಂದೆ ತಿಳಿದುಬಂದಿತು.

ಇದು ತಂದೆತಾಯಿಗಳಿಂದ ಬಂದ ದೋಷವಲ್ಲ. ಎಲ್ಲಿಯೋ ಒಂದು ಕೋಶದಲ್ಲಿ ಆಗುವ ಅಪಘಾತ. ಕಾರಣ ಇಂಥ ಮಗುವಿನ ತಾಯಿಯನ್ನು ಯಾರೂ ದೂರಬಾರದು. ಅವಳೂ ತನ್ನನ್ನು ತಾನು ದೂರಿಕೊಳ್ಳಬಾರದು. ಮಗುವು ದಿನದಿನಕ್ಕೆ ಬಿಳಿಚಿಕೊಳ್ಳುವದು, ಜ್ವರವು ಬಿಡದೆ ಇರುವದು, ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿಯ ಕಲೆಗಳೇಳುವದು, ವಸಡಿನಿಂದ ರಕ್ತ ಒಸರುವದು, ಇವು ಕಂಡಾಗ ಮನೆಮದ್ದಿನಲ್ಲಿ ದಿನಗಳೆಯದೆ ರಕ್ತಪರೀಕ್ಷೆ ಮಾಡಿಸಬೇಕು.

ಇನ್ನು ಕೆಲವು ದೋಷಗಳು ವಂಶದೊಳಗಿಂದ ಬರುವಂಥವು. ೧೯೭೮ರಲ್ಲಿ ಆಲ್‌ಗ್ರೋವ್ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ವಿಚಿತ್ರವಾದ ಮಕ್ಕಳ ರೋಗವನ್ನು ವರ್ಣಿಸಿದರು. ಈ ಮಕ್ಕಳು ಅತ್ತರೂ ಕಣ್ಣೀರು ಬರುವದಿಲ್ಲ. ಅನ್ನನಾಳದ ಕೆಳತುದಿಯು ಸಡಿಲದೆ ತುತ್ತು ಇಳಿಯುವದಿಲ್ಲ. ಉಂಡುದು ಹಿಂದಕ್ಕೆ ಬರುವದು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯು ತನ್ನ ರಸವನ್ನು ಕೊಡದಿರುವದರಿಂದ ರಕ್ತದ ಸಕ್ಕರೆಯಿಳಿದು ಮಗುವು ಮೂರ್ಛೆಹೋಗುವದುಂಟು. ೨೦೦೦ದಲ್ಲಿ ಇದರ ಮೂಲವಾದ ವಂಶವಾಹಿಯು ಸಿಕ್ಕಿತು. ಅದರಿಂದ ಹುಟ್ಟುವ ‘ಅಲಾದಿನ್’ ಎಂಬ ಪ್ರೋಟೀನು ಇದೇ ಬಾಗಿಲಿನ ಕಾವಲುಗಾರರಲ್ಲೊಂದು. ರೋಗಿಗಳ ಕೋಶಗಳಲ್ಲಿ ಬಾಗಿಲುಗಳು ನೋಡುವದಕ್ಕೆ ನೆಟ್ಟಗಿರುವವು. ಕೆಟ್ಟ ಅಲಾದಿನ್ ಮಾತ್ರ ತನ್ನ ಸ್ಥಾನಕ್ಕೆ ಬಾರದೆ ಹೊರಗೆ ಅಲೆದಾಡುವದು. ಇಲ್ಲಿ ಕೆಡುವದು ಮುಖ್ಯವಾಗಿ ಸಾಗಣೆಯ ಕೆಲಸ. ಕೋಶವನ್ನು ಹಾನಿಯಿಂದ ಕಾಯುವ ಕೆಲವು ಪ್ರೋಟೀನುಗಳು ಒಳಗೆ ಸರಿಯಾಗಿ ಬಾರವು. ಪುಣೆಯವರು ಪರೀಕ್ಷಿಸಿದ ನ್ಯೂಪ್-೯೩ ಕೆಟ್ಟಾಗ ಕೆಲವು ಮಕ್ಕಳಲ್ಲಿ ಮೂತ್ರಪಿಂಡದ ರೋಗವು ಬಂದು, ಮೈ ಬಾತು, ಸ್ಟೀರಾಯಿಡ್ ಔಷಧಗಳಿಗೂ ಬಗ್ಗದಿರುವದು ೨೦೧೬ರಲ್ಲಿ ತಿಳಿದುಬಂದಿತು.

ಇವೆರಡೂ ಅಪರೂಪದ ರೋಗಗಳು. ಆದರೆ ಇವುಗಳ ವಂಶಕ್ರಮವು ನಮಗೆ ಒಂದು ಮಾತನ್ನು ಕಲಿಸುವಂತಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಕೆಟ್ಟ ಪ್ರತಿಗಳೆರಡೂ ಒಂದೇ ಮಗುವಿಗೆ ಬಂದಾಗ ಮಾತ್ರ ರೋಗವು ತೋರುವದು. ಒಂದೇ ಪ್ರತಿಯುಳ್ಳವರು ಆರೋಗ್ಯದಿಂದ ಇರುವರು. ತಮ್ಮಲ್ಲಿ ಅದಿರುವದು ಅವರಿಗೆ ಗೊತ್ತೂ ಇರುವದಿಲ್ಲ. ಇಂಥ ಇಬ್ಬರು ದಂಪತಿಗಳಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದು ಪಾಲು ಭಯವಿರುವದು. ಹೊರಗಿನವರಲ್ಲಿ ಅದೇ ಕೆಟ್ಟ ಪ್ರತಿಯು ಎದುರಾಗುವದು ವಿರಳ. ಒಬ್ಬ ಅಜ್ಜನ ಮೊಮ್ಮಕ್ಕಳಲ್ಲಿ ಅಷ್ಟು ವಿರಳವಲ್ಲ. ನಮ್ಮ ಕಡೆಗೆ ಅಕ್ಕನ ಮಗಳನ್ನೂ ಸೋದರತ್ತೆಯ ಮಗಳನ್ನೂ ತಂದುಕೊಳ್ಳುವ ರೂಢಿಯು ಇನ್ನೂ ಅಳಿದಿಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೨೭ ಜನರು ರಕ್ತಸಂಬಂಧಿಗಳನ್ನೇ ಮದುವೆಯಾದವರೆಂದು ಕಂಡುಬಂದಿದೆ.

ಹೊಲಮನೆ ಒಡೆಯಬಾರದೆಂದು, ಮಗಳು ಕಣ್ಣಮುಂದೆ ಇರಬೇಕೆಂದು ಹಿರಿಯರು ಈ ಸಂಬಂಧಗಳನ್ನು ಬೆಳೆಸಿದರು. ಅವರ ಪ್ರೀತಿಯನ್ನು ನಾವು ಹಳಿಯುವದಿಲ್ಲ. ಇಂಥ ದಂಪತಿಗಳಿಗೆ ಹುಟ್ಟುವ ಮಕ್ಕಳಲ್ಲಿ ಬಹುಜನರು ಆರೋಗ್ಯವಂತರೇ. ಆದರೆ ಮನೆತನದಲ್ಲಿ ಒಂದು ಮಗುವು ಕಾರಣ ತಿಳಿಯದ ರೋಗದಿಂದ ತೀರಿಕೊಂಡಿದ್ದರೆ ಅದನ್ನು ಮುಚ್ಚಿಡದೆ, ಮತ್ತೊಂದು ಸೋದರಸಂಬಂಧವನ್ನು ಮಾಡುವ ಮೊದಲು ವಂಶವಾಹಿಗಳ ಪರೀಕ್ಷೆಯನ್ನು ಬಲ್ಲ ವೈದ್ಯರ ಸಲಹೆಯನ್ನು ಕೇಳುವದು ಹಿತ. ಕಣ್ಣೀರಿಲ್ಲದೆ ಅಳುವ ಮಗುವನ್ನು “ಗಟ್ಟಿ ಜೀವ, ಕಣ್ಣೀರು ಹಾಕುವದಿಲ್ಲ” ಎಂದು ಹೊಗಳಿ ಸುಮ್ಮನಿರಬಾರದು. ಮೊದಲ ಕೆಲವು ವಾರಗಳು ಕಣ್ಣೀರು ಬಾರದಿರುವದು ಎಲ್ಲ ಶಿಶುಗಳಿಗೂ ಸಹಜ. ತಿಂಗಳುಗಳು ಕಳೆದರೂ ಬಾರದಿದ್ದರೆ ತೋರಿಸಬೇಕು. ಬೇಗ ಗುರುತು ಹಿಡಿದರೆ ಅಡ್ರಿನಲ್ ರಸಕ್ಕೆ ಬದಲಾಗಿ ಕೊಡುವ ಮಾತ್ರೆಗಳೂ, ಕಣ್ಣಿಗೆ ಹಾಕುವ ಕೃತಕ ಹನಿಗಳೂ, ಅನ್ನನಾಳಕ್ಕೆ ಚಿಕಿತ್ಸೆಯೂ ಉಂಟು. ಮಗುವಿನ ಪ್ರಾಣವು ಉಳಿಯುವದು.

ಅಗಸೆಯ ಕದವು ಭದ್ರವಾಗಿದ್ದರೆ ಊರು ಭದ್ರವೆಂದು ಬಗೆಯುವದು ಅರ್ಧ ತಿಳಿವಳಿಕೆ. ಕದದ ಬಳಿಯಲ್ಲಿ ಯಾರು ಕುಳಿತಿರುವರು, ಅವರು ತಮ್ಮ ತಮ್ಮ ಸ್ಥಾನಕ್ಕೆ ಹೊತ್ತಿಗೆ ಸರಿಯಾಗಿ ಬಂದಿರುವರೋ ಇಲ್ಲವೋ ಎಂಬದನ್ನೂ ನೋಡಬೇಕು. ನಮ್ಮ ಹಳ್ಳಿಗಳ ಮುದುಕರಿಗೆ ಇದು ಗೊತ್ತಿತ್ತು. ಕೋಶದ ಬಾಗಿಲನ್ನು ಅರವತ್ತು ವರ್ಷ ನೋಡಿದ ಬಳಿಕ ಶಾಸ್ತ್ರಜ್ಞರಿಗೂ ಇದೇ ಮಾತು ಗೊತ್ತಾಗಿದೆ. ಇನ್ನು ಮೇಲೆ ಅರಳೆಯ ಎಳೆಯೊಂದನ್ನು ಕೈಯಲ್ಲಿ ಹಿಡಿದಾಗ, ಅಥವಾ ತೊಟ್ಟಿಲಲ್ಲಿ ಮಲಗಿದ ಕೂಸಿನ ಬೆರಳನ್ನು ಮುಟ್ಟಿದಾಗ, ಅದರೊಳಗೆ ಕಣ್ಣಿಗೆ ಕಾಣದೆ ಎಚ್ಚರವಿರುವ ಈ ಕಾವಲುಗಾರರನ್ನು ವಾಚಕರು ಒಮ್ಮೆ ನೆನೆಯಲೆಂದು ನಾವು ಆಶಿಸುತ್ತೇವೆ.